ಡಿಎನ್‌ಡಿ ಹಾಕಿಸಿದರೂ ಸ್ಪ್ಯಾಮ್ ಮೆಸೇಜ್ ಯಾಕೆ ಬರುತ್ತದೆ?

ಡಿಎನ್‌ಡಿ (ಜಾಹೀರಾತು ಬೇಡ ಎಂಬ ನೋಂದಣಿ) ಹಾಕಿಸಿದ ಮೇಲೂ ಬೇಡದ ಎಸ್‌ಎಂಎಸ್ ನಿಂತಿಲ್ಲ, ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ನಿಜವಾಗಿ ಏನಾದರೂ ಮಾಡುತ್ತದೆಯೇ ಎಂದು ಕೇಳಿದ್ದೀರಿ. ಮಾಡುತ್ತದೆ. ನಾನು ಅದನ್ನು ಮೆಸೇಜ್ ಕಳಿಸುವವರ ಕಡೆಯಿಂದ ದಿನಾ ನೋಡುತ್ತೇನೆ. ಒಂದು ಸಣ್ಣ ಪತ್ತಿನ ಸಹಕಾರ ಸಂಘದಲ್ಲಿ ಸದಸ್ಯರಿಗೆ ಕಂತಿನ ಮೆಸೇಜ್ ಕಳಿಸುವುದು ನನ್ನ ಕೆಲಸ.

ಟ್ರಾಯ್‌ನ 2018ರ ನಿಯಮದ ಪ್ರಕಾರ ಸಂಸ್ಥೆಯ ಹೆಸರು, ಹೆಡರ್ (ಫೋನಿನಲ್ಲಿ ಕಳಿಸಿದವರ ಹೆಸರಾಗಿ ಕಾಣುವ ಗುರುತು), ಮೆಸೇಜಿನ ಟೆಂಪ್ಲೇಟ್ (ಸಿದ್ಧ ಒಕ್ಕಣೆ) ಎಲ್ಲವನ್ನೂ ಫೋನ್ ಕಂಪನಿಗಳ ನೋಂದಣಿ ತಾಣವಾದ ಡಿಎಲ್‌ಟಿ ಪೋರ್ಟಲ್‌ನಲ್ಲಿ ಮೊದಲೇ ನೋಂದಾಯಿಸಬೇಕು. ಹೆಸರು, ಮೊತ್ತ, ತಾರೀಖಿಗೆ ಮಾತ್ರ ಜಾಗ ಖಾಲಿ ಬಿಡುತ್ತೇವೆ. ಉಳಿದದ್ದರಲ್ಲಿ ಒಂದು ಪದ ಆಚೀಚೆ ಆದರೂ ಮೆಸೇಜ್ ಹೋಗುವುದಿಲ್ಲ. ಒಮ್ಮೆ ಕಂತಿನ ಮೆಸೇಜಿನ ಕೊನೆಗೆ ‘ದೀಪಾವಳಿಗೆ ಹೊಸ ಠೇವಣಿ ಯೋಜನೆ’ ಎಂದು ಒಂದು ಸಾಲು ಸೇರಿಸಿದ್ದೆ. ಜಾಹೀರಾತು ಬೆರೆಸಿದ್ದೀರಿ ಎಂದು ಟೆಂಪ್ಲೇಟ್ ವಾಪಸ್ ಬಂತು. ಆಗ ಸಿಟ್ಟು ಬಂದಿತ್ತು. ಈಗ ಅದೇ ಸರಿ ಅನ್ನಿಸುತ್ತದೆ. 2021ರ ಮಾರ್ಚ್‌ನಲ್ಲಿ ಮೆಸೇಜ್ ಟೆಂಪ್ಲೇಟಿಗೆ ಹೊಂದುತ್ತದೆಯೇ ಎಂಬ ಈ ತಪಾಸಣೆ ಬಿಗಿಯಾದಾಗ ದೇಶದ ತುಂಬ ಒಟಿಪಿಗಳೇ ಸಿಕ್ಕಿಬಿದ್ದು, ಒಂದು ವಾರ ತಪಾಸಣೆಯನ್ನೇ ನಿಲ್ಲಿಸಬೇಕಾಗಿತ್ತು. 2024ರ ಅಕ್ಟೋಬರ್ 1ರಿಂದ ಮೆಸೇಜಿನೊಳಗಿನ ಲಿಂಕನ್ನೂ ಮೊದಲೇ ನೋಂದಾಯಿಸಿರಬೇಕು.

ನಿಮ್ಮ ಫೋನಿನಲ್ಲಿ ಕಳಿಸಿದವರ ಹೆಸರಿನ ಕೊನೆಯ ಅಕ್ಷರ ನೋಡಿ. ‘ಪಿ’ ಇದ್ದರೆ ಜಾಹೀರಾತು. ಡಿಎನ್‌ಡಿ ತಡೆಯುವುದು ಅದನ್ನು. ‘ಎಸ್’ ಸೇವೆಯದು, ‘ಟಿ’ ವ್ಯವಹಾರದ್ದು, ‘ಜಿ’ ಸರ್ಕಾರದ್ದು. ಇವು ಡಿಎನ್‌ಡಿ ಇದ್ದರೂ ಬರುತ್ತವೆ.

ತೂತು ಇರುವುದು ಬೇರೆ ಕಡೆ. ಈಚೆಗೆ ವಯಸ್ಸಾದ ಸದಸ್ಯರೊಬ್ಬರು ಕೌಂಟರಿಗೆ ಬಂದು ಫೋನ್ ಮುಂದಿಟ್ಟರು. ಬಿಲ್ ಕಟ್ಟಿಲ್ಲ, ರಾತ್ರಿ 9.30ಕ್ಕೆ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ ಎಂದಿತ್ತು. ಅವರ ಕೈ ನಡುಗುತ್ತಿತ್ತು. ಕಳಿಸಿದ್ದು ಯಾವ ಹೆಡರೂ ಅಲ್ಲ, ಮಾಮೂಲಿ ಹತ್ತು ಅಂಕಿಯ ಮೊಬೈಲ್ ನಂಬರ್. ಅಂಗಡಿಯಲ್ಲಿ ಕೊಂಡ ಸಿಮ್‌ಗೆ ಟೆಂಪ್ಲೇಟ್ ಎಲ್ಲಿಂದ ಬರಬೇಕು?

ಇಂಥ ಕಡೆ ನಮ್ಮ ದೂರೇ ಮುಖ್ಯ. ಸುಮ್ನೆ ಡಿಲೀಟ್ ಮಾಡಬೇಡಿ. ಮೆಸೇಜ್, ಕಳಿಸಿದ ನಂಬರ್, ತಾರೀಖು ಬರೆದು 1909ಕ್ಕೆ ಎಸ್‌ಎಂಎಸ್ ಮಾಡಿ. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲೂ ಆಗುತ್ತದೆ. ಮೊದಲು ಮೆಸೇಜ್ ಬಂದ ಮೂರು ದಿನದೊಳಗೆ ದೂರು ಕೊಡಬೇಕಿತ್ತು, 2025ರ ತಿದ್ದುಪಡಿಯ ನಂತರ ಏಳು ದಿನ ಸಮಯವಿದೆ. ಹೀಗೆ ನೋಂದಣಿ ಇಲ್ಲದೆ ಕಳಿಸುವವರ ಮೇಲೆ ದೂರು ಕೊಡಲು ಡಿಎನ್‌ಡಿ ಹಾಕಿಸಿರಲೇಬೇಕು ಎಂದೂ ಇಲ್ಲ. ಅಂಥವರ ಮೇಲೆ ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಅವರ ಫೋನ್ ಕಂಪನಿ ಕ್ರಮ ಕೈಗೊಳ್ಳಬೇಕು. ಮೊದಲ ತಪ್ಪಿಗೆ 15 ದಿನ ಹೊರಹೋಗುವ ಸೇವೆ ಬಂದ್, ಮತ್ತೆ ಮಾಡಿದರೆ ಒಂದು ವರ್ಷ ಸಂಪರ್ಕವೇ ಕಟ್. ಐದೇ ಐದು ದೂರು, ಜಾಸ್ತಿ ಏನಲ್ಲ ಅಲ್ವಾ?

ಆ ಹಿರಿಯರ ಮೆಸೇಜ್ ಬರೀ ಕಿರಿಕಿರಿಯದ್ದಲ್ಲ, ಮೋಸದ್ದು. ಹಾಗಾಗಿ ಕೌಂಟರಿನಲ್ಲೇ ಕೂತು ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಮೋಸದ ಮೆಸೇಜ್ ತಿಳಿಸುವ ಚಕ್ಷು ವಿಭಾಗದಲ್ಲೂ ದೂರು ಹಾಕಿದೆವು. ದುಡ್ಡು ಹೋಗಿದ್ದರೆ ಮಾತ್ರ ಇದೆಲ್ಲ ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.