ಮೊದಲ ಸ್ವಂತ ಮನೆ ತಗೊಂಡಿದೀವಿ, ತಿಂಗಳ ಖರ್ಚು ಬಿಗಿ ಮಾಡಿ 20 ವರ್ಷದ ಲೋನ್ 8 ವರ್ಷದಲ್ಲಿ ಮುಗಿಸೋದು ಹೇಗೆ?

"ತಿಂಗಳ ಕೊನೆಗೆ ಉಳಿದಿದ್ದನ್ನೆಲ್ಲಾ ಲೋನಿಗೆ ಹಾಕಿಬಿಡ್ತೀವಿ, ಅಕೌಂಟಲ್ಲಿ ಏನೂ ಇಟ್ಕೊಳ್ಳಲ್ಲ" ಅಂತ ಬರೆದಿದೀರಲ್ಲ, ಆ ಒಂದು ಸಾಲಿಗೋಸ್ಕರ ಉತ್ತರ ಬರೀತಿದೀನಿ. ಜಾಸ್ತಿ ಕಟ್ಟಿದಾಗ ಲೋನಿನ ಅವಧಿ ಕಮ್ಮಿ ಮಾಡಿಸ್ಬೇಕಾ, ಇಎಂಐ (ತಿಂಗಳ ಕಂತು) ಕಮ್ಮಿ ಮಾಡಿಸ್ಬೇಕಾ ಅನ್ನೋ ನಿಮ್ಮ ಪ್ರಶ್ನೆಗೆ ಆಮೇಲೆ ಬರ್ತೀನಿ.

ಮನೆ ತಗೊಂಡ ಹೊಸದ್ರಲ್ಲಿ ನಾನೂ ಇದನ್ನೇ ಮಾಡಿದ್ದು. ಬ್ಯಾಂಕಿನವರು ಕೊಟ್ಟ ಕಂತಿನ ಪಟ್ಟಿ ನೋಡಿದ ದಿನ ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಗೊತ್ತಿಲ್ಲ. 9 ಪರ್ಸೆಂಟ್ ಬಡ್ಡಿ, 20 ವರ್ಷ ಅಂದ್ರೆ ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ ಹತ್ರಹತ್ರ 900 ಕಂತು. ಮೊದಲ ತಿಂಗಳ ಆ 900ರಲ್ಲಿ 750 ಬಡ್ಡಿಗೇ ಹೋಗುತ್ತೆ, ಅಸಲಿಗೆ ಸೇರೋದು 150. 5 ವರ್ಷ ಒಂದು ಕಂತೂ ತಪ್ಪಿಸ್ದೆ 54,000 ಕಟ್ಟಿದ್ರೂ ಅಸಲು ಇಳಿದಿರೋದು ಬರೀ 11,300ರಷ್ಟು. ಅರ್ಧ ಅಸಲು ತೀರೋಕೇ 14 ವರ್ಷ. ಬ್ಯಾಂಕು ಮೋಸ ಮಾಡ್ತಿರೋದಲ್ಲ ಇದು, ಶುರುವಲ್ಲಿ ಸಾಲ ದೊಡ್ಡದು ಅದಕ್ಕೇ ಬಡ್ಡಿನೂ ದೊಡ್ಡದು, ಅಷ್ಟೇ. ಆದ್ರೆ ಅದನ್ನ ಕಣ್ಣಾರೆ ನೋಡಿದ್ಮೇಲೆ ಸುಮ್ನೆ ಕೂರೋಕೆ ಆಗ್ಬೇಕಲ್ಲ.

ಅಲ್ಲಿಂದ ಶುರುವಾಯ್ತು ನನ್ನ ಎಕ್ಸೆಲ್ ಶೀಟು. ಸಂಬಳ ಇಷ್ಟು, ಇಎಂಐ ಇಷ್ಟು, ಸ್ಕೂಲು, ದಿನಸಿ, ಕರೆಂಟು, ಪೆಟ್ರೋಲು, ಉಳಿದಿದ್ದು ಇಷ್ಟು, ಆ ಉಳಿದಿದ್ದು ತಿಂಗಳ ಕೊನೇ ದಿನ ಲೋನ್ ಅಕೌಂಟಿಗೆ. ಬೋನಸ್ ಬಂದ್ರೆ ಅದೂ. ಇದ್ದ ಎಫ್‌ಡಿನೂ ಮುರಿಸಿ ಹಾಕ್ದೆ. ನಮ್ಮನೆಯವರು ಒಂದೆರಡು ಸಲ "ಕೈಲಿ ಸ್ವಲ್ಪ ಇರ್ಲಿ ಕಣೇ" ಅಂದ್ರು. "ರೀ, ಎಫ್‌ಡಿಲಿ 6 ಬರುತ್ತೆ, ಲೋನಿಗೆ 9 ಹೋಗುತ್ತೆ, ಇಷ್ಟು ಲೆಕ್ಕ ಬರಲ್ವಾ ನಿಮ್ಗೆ" ಅಂತ ಬಾಯಿ ಮುಚ್ಚಿಸಿದ್ದೆ. ಲೆಕ್ಕ ಸರಿನೇ ಇತ್ತು, ಈಗ ಕೇಳಿದ್ರೂ ಅದೇ ಹೇಳ್ತೀನಿ. ಎಡವಿದ್ದು ಬೇರೆ ಕಡೆ.

ನನ್ನ ತಲೇಲಿ ಏನಿತ್ತು ಅಂದ್ರೆ, ನಾವು ಇಷ್ಟೊಂದು ಜಾಸ್ತಿ ಕಟ್ಟಿದೀವಿ, ಹಾಗಾಗಿ ನಾವು ಲೋನಿಗಿಂತ ಮುಂದೆ ಇದೀವಿ, ನಾಳೆ ಏನಾದ್ರೂ ಕಷ್ಟ ಬಂದ್ರೆ ಕೆಲವು ತಿಂಗಳು ಕಂತು ಕಟ್ದೇ ಇದ್ರೂ ನಡೆಯುತ್ತೆ, ಬ್ಯಾಂಕಲ್ಲಿ ನಮ್ಮ ದುಡ್ಡು "ಇದೆ" ಅಂತ. ಇದನ್ನ ಯಾರೂ ನನಗೆ ಹೇಳಿದ್ದಲ್ಲ, ಎಲ್ಲೂ ಓದಿದ್ದೂ ಅಲ್ಲ, ನಾನೇ ಅಂದ್ಕೊಂಡಿದ್ದು. ಬಾಡಿಗೆ ಅಡ್ವಾನ್ಸ್ ಕೊಟ್ಟಿದ್ರೆ ಎರಡು ತಿಂಗಳು ಹಿಡ್ಕೊಳ್ಳಿ ಅಂತ ಓನರ್‌ಗೆ ಹೇಳ್ತೀವಲ್ಲ, ಆ ಥರ.

ಆಮೇಲೆ ನಮ್ಮನೆಯವರ ಆಫೀಸಲ್ಲಿ ಅವರಿದ್ದ ಇಡೀ ಟೀಮನ್ನೇ ಕೆಲಸದಿಂದ ತೆಗೆದ್ರು. ನನ್ನ ಸಂಬಳ ಒಂದರಲ್ಲಿ ಸ್ಕೂಲ್ ಫೀಸು, ಮನೆ ಖರ್ಚು ಆಗ್ತಿತ್ತು, ಪೂರ್ತಿ ಇಎಂಐ ಆಗ್ತಿರ್ಲಿಲ್ಲ. ನಾನು ಗಾಬರಿನೇ ಆಗ್ಲಿಲ್ಲ ನೋಡಿ, ಆರಾಮಾಗಿ ಬ್ಯಾಂಕಿಗೆ ಫೋನ್ ಮಾಡಿ "ನಾವು ಇಷ್ಟು ಎಕ್ಸ್‌ಟ್ರಾ ಕಟ್ಟಿದೀವಿ, ಮುಂದಿನ ಕಂತುಗಳನ್ನ ಅದರಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದೆ. ಆ ಕಡೆ ಹುಡುಗಿ ಒಂದು ನಿಮಿಷ ಸುಮ್ನಿದ್ದು, "ಮೇಡಂ, ಅದು ಪಾರ್ಟ್ ಪೇಮೆಂಟ್, ಅಡ್ವಾನ್ಸ್ ಇಎಂಐ ಅಲ್ಲ. ಅಸಲಿಗೆ ಜಮಾ ಆಗಿಹೋಗಿದೆ. 5ನೇ ತಾರೀಖಿನ ಕಂತು 5ನೇ ತಾರೀಖೇ ಬರ್ಬೇಕು" ಅಂದ್ಲು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಪ್ರಶ್ನೆ ಓದಿದ್ರೆ ನೀವೂ ಹಾಗೇ ಅಂದ್ಕೊಂಡಿರೋ ಥರ ಕಾಣುತ್ತೆ. ಜಾಸ್ತಿ ಕಟ್ಟಿದ ದುಡ್ಡು ಅಸಲಿನಲ್ಲಿ ಕಳೆದುಹೋಗುತ್ತೆ. ಕಳೆದ ಮೇಲೆ ಬ್ಯಾಂಕಿನ ಪುಸ್ತಕದಲ್ಲಿ ನಿಮಗೆ ಅಂತ ಏನೂ ಬಾಕಿ ಇರಲ್ಲ, ಸಾಲ ಚಿಕ್ಕದಾಗಿರುತ್ತೆ ಅಷ್ಟೇ. ನೀವು ಏನೂ ಹೇಳ್ದೇ ಇದ್ರೆ ಎಷ್ಟೋ ಬ್ಯಾಂಕುಗಳು ಇಎಂಐನ ಹಾಗೇ ಇಟ್ಟು ಅವಧಿ ಕಮ್ಮಿ ಮಾಡ್ತಾವೆ, ನಮ್ದೂ ಹಾಗೇ ಆಗಿತ್ತು. ಅಂದ್ರೆ ನಾನು ಹೊಟ್ಟೆ ಬಟ್ಟೆ ಕಟ್ಟಿ ಹಾಕಿದ ದುಡ್ಡಿನ ಲಾಭ ಸಿಗೋದು ಎಲ್ಲೋ ಕೊನೇ ವರ್ಷಗಳಲ್ಲಿ, ಲೋನ್ ಬೇಗ ಮುಗಿದಾಗ. ಈ ತಿಂಗಳ ಕಂತು ಒಂದು ಪೈಸಾನೂ ಇಳಿದಿರಲ್ಲ. ನಮಗೆ ಕಷ್ಟ ಬಂದಿದ್ದು ಈ ತಿಂಗಳು. ಸಾಲ ಅಷ್ಟು ಇಳಿದಿದ್ರೂ, ಕಂತು ತಪ್ಪಿದ್ರೆ ಬ್ಯಾಂಕಿನ ಲೆಕ್ಕದಲ್ಲಿ ನಾವೂ ಒಂದೇ, ಒಂದು ರೂಪಾಯಿ ಜಾಸ್ತಿ ಕಟ್ಟದವರೂ ಒಂದೇ. ಬೌನ್ಸ್ ಚಾರ್ಜು (ಅಕೌಂಟಲ್ಲಿ ದುಡ್ಡಿಲ್ದೆ ಕಂತು ವಾಪಸ್ ಹೋದ್ರೆ ಹಾಕೋ ದಂಡ), ಲೇಟ್ ಫೀಸು, ಕ್ರೆಡಿಟ್ ಸ್ಕೋರ್ ಇಳಿಯೋದು ಎಲ್ಲಾ ಸೇಮ್.

ಸರಿ, ಹಾಗಾದ್ರೆ ಟಾಪ್ ಅಪ್ ಲೋನ್ ಕೊಡಿ, ನಾವು ಕಟ್ಟಿದ್ದನ್ನೇ ವಾಪಸ್ ಸಾಲ ಕೊಡಿ ಅಂತ ಹೋದ್ವಿ. ಅವರು ಮೊದಲು ಕೇಳಿದ್ದು ಇವರ ಸ್ಯಾಲರಿ ಸ್ಲಿಪ್. ಸ್ಯಾಲರಿ ಇದ್ದಿದ್ರೆ ನಾವ್ಯಾಕೆ ಹೋಗ್ತಿದ್ವಿ? ಮನೇಲಿ ಹಾಕಿದ ದುಡ್ಡು ಬೇಕಾಗೋದು ಸಂಬಳ ನಿಂತಾಗ, ಸಂಬಳ ನಿಂತಾಗ್ಲೇ ಬ್ಯಾಂಕು ಕೊಡಲ್ಲ. ಕೊನೆಗೆ ನನ್ನ ಹೆಸರಲ್ಲಿ ಪರ್ಸನಲ್ ಲೋನ್, ಬಡ್ಡಿ ಹೋಮ್ ಲೋನಿನ ಹತ್ರಹತ್ರ ಎರಡರಷ್ಟು. ಅದೂ ಸಾಲ್ದೆ ಕ್ರೆಡಿಟ್ ಕಾರ್ಡಲ್ಲಿ ಮಿನಿಮಮ್ ಮಾತ್ರ ಕಟ್ಟಿ ಮುಂದೆ ತಳ್ಳಿದ್ದು. ಕಾರ್ಡಿನ ಬಡ್ಡಿ ತಿಂಗಳಿಗೆ 3 ಪರ್ಸೆಂಟ್ ಅಂದ್ರೆ ಚಿಕ್ಕದು ಅನ್ಸುತ್ತೆ, ಚಕ್ರಬಡ್ಡಿ ಸೇರಿಸಿ ವರ್ಷಕ್ಕೆ 42 ಪರ್ಸೆಂಟ್ ದಾಟುತ್ತೆ. 6 ಬಿಟ್ಟು 9 ಉಳಿಸಿದೆ ಅಂತ ಜಂಬ ಕೊಚ್ಚಿಕೊಂಡಿದ್ದ ಲೆಕ್ಕದವಳು ನಾನು. ಅವರಿಗೆ ಬೇರೆ ಕೆಲಸ ಸಿಕ್ಕಿದ ಮೇಲೂ ಆ ಎರಡು ಸಾಲ ತೀರಿಸೋ ತನಕ ಹೋಮ್ ಲೋನಿಗೆ ಎಕ್ಸ್‌ಟ್ರಾ ಅನ್ನೋ ಮಾತೇ ಇರ್ಲಿಲ್ಲ.

ಹಂಗಂತ ಜಾಸ್ತಿ ಕಟ್ಟಲೇಬೇಡಿ ಅಂತ ನಾನು ಹೇಳಲ್ಲ. ದುಡ್ಡನ್ನ ಬೇರೆ ಕಡೆ ಹೂಡಿ, ಲೋನ್ ನಿಧಾನಕ್ಕೆ ನಡೀಲಿ ಅನ್ನೋ ಉಪದೇಶ ನಿಮಗೆ ಬೇರೆ ಉತ್ತರಗಳಲ್ಲಿ ಬೇಕಾದಷ್ಟು ಸಿಗುತ್ತೆ. ನನಗೆ ಸಾಲ ಇದ್ರೆ ನಿದ್ದೆ ಬರಲ್ಲ, ನಿಮಗೂ ಬರಲ್ಲ ಅನ್ಸುತ್ತೆ, ಕಟ್ಟಿ. ಬೇಗ ಕಟ್ಟಿದಷ್ಟೂ ಲಾಭನೂ ನಿಜ. ಆದ್ರೆ "8 ವರ್ಷದಲ್ಲಿ ಹೇಗೆ ಮುಗಿಸೋದು" ಅನ್ನೋ ಪ್ರಶ್ನೆನೇ ನನಗೆ ಒಪ್ಪಿಗೆ ಇಲ್ಲ. ನೀವು ಕೇಳ್ಕೋಬೇಕಾಗಿರೋದು, ಒಂದು ಸಂಬಳ ನಿಂತ್ರೆ ನಮ್ಮ ಇಎಂಐ ಎಷ್ಟು ತಿಂಗಳು ಓಡುತ್ತೆ ಅಂತ. ಅದಕ್ಕೆ ಉತ್ತರ ಆರು ತಿಂಗಳು ಅನ್ನೋವರೆಗೂ ಲೋನಿಗೆ ಒಂದು ರೂಪಾಯಿ ಜಾಸ್ತಿ ಹಾಕ್ಬೇಡಿ. ಇಎಂಐ ಮಾತ್ರ ಅಲ್ಲ, ಇಎಂಐ ಜೊತೆ ಮನೆ ಖರ್ಚೂ ಸೇರಿಸಿ ಆರು ತಿಂಗಳು. ಆ ದುಡ್ಡಿಗೆ ಬಡ್ಡಿ ಕಮ್ಮಿ ಬರುತ್ತೆ, ಬರ್ಲಿ ಬಿಡಿ.

ಈಗ ಅವಧಿನಾ ಇಎಂಐನಾ ಅನ್ನೋದು. ಎಲ್ರೂ ಕಣ್ಣು ಮುಚ್ಚಿ ಅವಧಿ ಕಮ್ಮಿ ಮಾಡ್ಸಿ, ಬಡ್ಡಿ ಜಾಸ್ತಿ ಉಳಿಯುತ್ತೆ ಅಂತಾರೆ. ನಾನು ಉಲ್ಟಾ ಹೇಳ್ತೀನಿ, ಬೈಕೊಳ್ಳಿ ಬೇಕಾದ್ರೆ. ಮೇಲಿನ ಲೆಕ್ಕನೇ ತಗೊಳ್ಳಿ, ಲಕ್ಷಕ್ಕೆ 900 ಕಂತು. ಒಂದು ವರ್ಷ ಆದ್ಮೇಲೆ 10,000 ಎಕ್ಸ್‌ಟ್ರಾ ಕಟ್ಟಿದ್ರಿ ಅನ್ಕೊಳ್ಳಿ. ಅವಧಿ ಕಮ್ಮಿ ಮಾಡಿಸಿದ್ರೆ ಉಳಿದಿದ್ದ 228 ಕಂತು 178ಕ್ಕೆ ಇಳಿಯುತ್ತೆ, ನಾಲ್ಕು ವರ್ಷಕ್ಕಿಂತ ಜಾಸ್ತಿನೇ ಉಳೀತು. ಇಎಂಐ ಕಮ್ಮಿ ಮಾಡಿಸಿದ್ರೆ 228 ಹಾಗೇ ಇರುತ್ತೆ, ಕಂತು 900ರಿಂದ 808ಕ್ಕೆ ಬರುತ್ತೆ. ಎಲ್ರೂ ಇಲ್ಲಿಗೇ ನಿಲ್ಲಿಸ್ತಾರೆ. ಆ ಉಳಿದ 92ನ ಪ್ರತಿ ತಿಂಗಳು ನೀವೇ ಎಕ್ಸ್‌ಟ್ರಾ ಕಟ್ಟಿದ್ರೆ? ಆಗ್ಲೂ ಲೋನ್ ಮುಗಿಯೋದು ಅದೇ 178ಕ್ಕೇ. ಬಡ್ಡಿನೂ ಅಷ್ಟೇ ಉಳಿಯುತ್ತೆ. ವ್ಯತ್ಯಾಸ ಏನಪ್ಪಾ ಅಂದ್ರೆ ಮೊದಲ್ನೇದ್ರಲ್ಲಿ 900 ಕಟ್ಟಲೇಬೇಕು, ಎರಡನೇದ್ರಲ್ಲಿ 808 ಕಟ್ಟಲೇಬೇಕು, 92 ನಿಮ್ಮಿಷ್ಟ. ಸಂಬಳ ನಿಂತ ತಿಂಗಳು ಆ 92ನ ನಿಲ್ಲಿಸಿದ್ರೆ ಯಾರೂ ಕೇಳಲ್ಲ. ಹೀಗೇ ನಾಲ್ಕೈದು ಸಲ ದೊಡ್ಡ ಮೊತ್ತ ಕಟ್ಟಿದ ಮೇಲೆ ಒಬ್ಬರ ಸಂಬಳದಲ್ಲೇ ಇಎಂಐ ನಡೆಯೋ ಮಟ್ಟಕ್ಕೆ ಬರುತ್ತೆ. ನಾನು ಹೀಗೆ ಮಾಡಿದ್ದಿದ್ರೆ ಆ ಪರ್ಸನಲ್ ಲೋನ್ ಬೇಕಾಗ್ತಾನೇ ಇರ್ಲಿಲ್ಲ.

ಇದಕ್ಕೆ ಎರಡು ಷರತ್ತು. ಒಂದು, ಆ 92 ಖರ್ಚಾಗದೆ ನಿಜವಾಗ್ಲೂ ಲೋನಿಗೆ ಹೋಗ್ಬೇಕು, ಅದಕ್ಕೆ ಸಂಬಳದ ಮಾರನೇ ದಿನವೇ ಆಟೋ ಡೆಬಿಟ್ ಥರ ಹಾಕಿಬಿಡಿ, ತಿಂಗಳ ಕೊನೆಗೆ ಏನೂ ಉಳಿದಿರಲ್ಲ. ಇನ್ನೊಂದು, ನಿಮ್ಮ ಲೋನ್ ಅಗ್ರಿಮೆಂಟ್ ಓದಿ. ಫಿಕ್ಸೆಡ್ ರೇಟ್ ಲೋನಿಗೆ ಎಷ್ಟೋ ಕಡೆ ಮುಂಚೆ ಕಟ್ಟಿದ್ರೆ ಚಾರ್ಜ್ ಹಾಕ್ತಾರೆ, ವರ್ಷಕ್ಕೆ ಇಂತಿಷ್ಟೇ ಅಂತ ಮಿತಿ ಇರೋದೂ ಉಂಟು, ಒಂದು ಸಲಕ್ಕೆ ಕನಿಷ್ಠ ಇಷ್ಟು ಕಟ್ಬೇಕು ಅನ್ನೋ ರೂಲ್ಸೂ ಇರುತ್ತೆ. ಕನಿಷ್ಠ ಮೊತ್ತ ಇದ್ರೆ ಮೂರ್ನಾಲ್ಕು ತಿಂಗಳಿದ್ದು ಸೇರಿಸಿ ಕಟ್ಟಿ, ದೊಡ್ಡ ವ್ಯತ್ಯಾಸ ಆಗಲ್ಲ. ಎಕ್ಸ್‌ಟ್ರಾ ಕಟ್ಟಿದ ಪ್ರತಿ ಸಲ ಹೊಸ ಸ್ಟೇಟ್‌ಮೆಂಟ್ ತರಿಸಿ ಅಸಲು ಇಳಿದಿದ್ಯಾ, ಕಂತು ಎಷ್ಟಾಗಿದೆ ನೋಡಿ. ಇಎಂಐ ಕಮ್ಮಿ ಮಾಡಿ ಅಂತ ಬರವಣಿಗೇಲಿ ಕೊಡಿ, ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಓವರ್‌ಡ್ರಾಫ್ಟ್ ಥರದ ಹೋಮ್ ಲೋನೂ ಇದೆ, ಹಾಕಿದ ದುಡ್ಡಿಗೆ ಬಡ್ಡಿ ಉಳಿಯುತ್ತೆ, ಬೇಕಾದಾಗ ತೆಗೀಬಹುದು, ಸಾಮಾನ್ಯವಾಗಿ ಬಡ್ಡಿ ದರ ಸ್ವಲ್ಪ ಜಾಸ್ತಿ ಇರುತ್ತೆ. ಖರ್ಚಿನ ಮೇಲೆ ಹಿಡಿತ ಇರೋರಿಗೆ ಚೆನ್ನಾಗಿದೆ, ಶಾಪಿಂಗ್ ಹುಚ್ಚಿರೋರಿಗೆ ಬೇಡ.

ಫ್ಲೋಟಿಂಗ್ ರೇಟ್ (ಬಡ್ಡಿ ದರ ಆಗಾಗ ಬದಲಾಗೋ ಲೋನ್) ಆದ್ರೆ ಇನ್ನೊಂದು ನೋಡ್ಕೊಳ್ಳಿ. ಬಡ್ಡಿ ಏರಿದಾಗ ಬ್ಯಾಂಕು ಕಂತನ್ನ ಹಾಗೇ ಬಿಟ್ಟು ಅವಧಿ ಉದ್ದ ಮಾಡೋದು ಇದೆ. 7 ಪರ್ಸೆಂಟಿಗೆ ಲಕ್ಷಕ್ಕೆ 775 ಅಂತ ಶುರುವಾದ 20 ವರ್ಷದ ಲೋನು, ಶುರುವಲ್ಲೇ ದರ 9 ಆಗಿ ಕಂತು ಮಾತ್ರ ಅಷ್ಟೇ ಇದ್ರೆ 38 ವರ್ಷ ಬೇಕು ಮುಗಿಯೋಕೆ. ನೀವು ಹೊಟ್ಟೆ ಕಟ್ಟಿ ಇಳಿಸಿದ್ದ ಅವಧಿನ ಆ ಕಡೆಯಿಂದ ಅವರು ಏರಿಸ್ತಿರ್ತಾರೆ, ಮೆಸೇಜ್ ಬಂದಿರುತ್ತೆ, ನಾವು ಓದಿರಲ್ಲ.

ಬಜೆಟ್ ಬಗ್ಗೆ ನೀವು ಹಾಕಿರೋ ಪಟ್ಟಿ ನೋಡಿದೆ, ತುಂಬಾ ಅಚ್ಚುಕಟ್ಟಾಗಿದೆ, ಆದ್ರೆ ಎಲ್ಲಾ ತಿಂಗಳ ಖರ್ಚು. ವರ್ಷಕ್ಕೊಂದ್ಸಲ ಬರೋದು ಒಂದೂ ಇಲ್ಲ. ಬಾಡಿಗೆ ಮನೇಲಿದ್ದಾಗ ಮೋಟರ್ ಕೆಟ್ರೆ ಓನರ್‌ಗೆ ಫೋನ್ ಮಾಡ್ತಿದ್ವಿ, ಈಗ ಓನರ್ ನೀವೇ. ಮನೆ ಕಂದಾಯ, ಇನ್ಶೂರೆನ್ಸ್, ನೀರು ಸೋರೋದು, ಪೇಂಟು, ಗೀಸರ್, ಅಪಾರ್ಟ್‌ಮೆಂಟ್ ಆದ್ರೆ ಮೆಂಟೆನೆನ್ಸ್ ಮೇಲೆ ಆಗಾಗ ಬರೋ ಎಕ್ಸ್‌ಟ್ರಾ ವಸೂಲಿ, ಇದೆಲ್ಲಾ ಒಟ್ಟು ಹಾಕಿ 12ರಿಂದ ಭಾಗಿಸಿ ಪ್ರತಿ ತಿಂಗಳು ಬೇರೆ ಅಕೌಂಟಿಗೆ ಹಾಕಿ. ಮನೆ ಬೆಲೆಯ 1 ಪರ್ಸೆಂಟ್ ವರ್ಷಕ್ಕೆ ಎತ್ತಿಡಿ ಅಂತಾರೆ ಕೆಲವರು. ಹೊಸ ಮನೆಗೆ ಅಷ್ಟು ಬೇಕಾಗಲ್ಲ ಅನ್ಸುತ್ತೆ ನಂಗೆ, ಹಳೇದಕ್ಕೆ ಸಾಲಲ್ಲ. ಈ ಅಕೌಂಟು, ಆರು ತಿಂಗಳ ಅಕೌಂಟು, ಇವೆರಡೂ ತುಂಬಿದ ಮೇಲೆ ಉಳಿಯೋದೇ ನಿಜವಾದ "ಉಳಿದಿದ್ದು". ಅದು ನೀವಂದ್ಕೊಂಡಿದ್ದಕ್ಕಿಂತ ಕಮ್ಮಿ ಇರುತ್ತೆ, 8 ವರ್ಷ ಆಗದೇ ಇರಬಹುದು. ಇಎಂಐ ಮೇಲೆ ಅದರ ಹನ್ನೆರಡನೇ ಒಂದು ಭಾಗ ಪ್ರತಿ ತಿಂಗಳು ಜಾಸ್ತಿ ಕಟ್ಟಿದ್ರೂ 9 ಪರ್ಸೆಂಟಿನ 20 ವರ್ಷದ ಲೋನು ಹದಿನಾರೂವರೆ ವರ್ಷದೊಳಗೆ ಮುಗಿಯುತ್ತೆ, ಅದೇನು ಕಮ್ಮಿನಾ?

ಮತ್ತೆ, ಕಷ್ಟ ಬರೋ ಸೂಚನೆ ಕಂಡ್ರೆ ಕಂತು ಬೌನ್ಸ್ ಆಗೋ ಮುಂಚೆನೇ ಬ್ಯಾಂಕಿಗೆ ಹೋಗಿ ಅವಧಿ ಹಿಗ್ಗಿಸಿ ಇಎಂಐ ಇಳಿಸೋಕೆ ಆಗುತ್ತಾ ಕೇಳಿ. ಬೌನ್ಸ್ ಆದ್ಮೇಲೆ ಮಾತಾಡೋ ಧಾಟಿನೇ ಬದಲಾಗುತ್ತೆ, ನೋಡಿದೀನಿ.

ಕೊನೇಲಿ ಸೋಫಾ, ವಾರ್ಡ್‌ರೋಬ್ ನೋ ಕಾಸ್ಟ್ ಇಎಂಐಲಿ (ಬಡ್ಡಿ ಇಲ್ಲ ಅಂತ ಹೇಳಿ ಕೊಡೋ ಕಂತಲ್ಲಿ) ತಗೊಳ್ಳಬಹುದಾ ಅಂತ ಕೇಳಿದೀರ. ಬೇಡ. ಒಟ್ಟಿಗೆ ಕೊಟ್ಟಿದ್ರೆ ಸಿಗ್ತಿದ್ದ ಡಿಸ್ಕೌಂಟು ಎಷ್ಟೋ ಸಲ ಅಲ್ಲೇ ಹೋಗಿರುತ್ತೆ, ಮೇಲೆ ಪ್ರೊಸೆಸಿಂಗ್ ಫೀ ಬೇರೆ, ಮತ್ತೆ ಅದೂ ಒಂದು ಕಟ್ಟಲೇಬೇಕಾದ ಕಂತೇ. ವಾರ್ಡ್‌ರೋಬ್ ಆದ್ರೆ ದುಡ್ಡು ಸೇರಿಸಿ ಒಂದೊಂದೇ ರೂಮಿಗೆ ಮಾಡಿಸಿ, ಸೋಫಾಗೆ ಏನೂ ಅವಸರ ಇಲ್ಲ, ನಾವು ಬಹಳ ದಿನ ಪ್ಲಾಸ್ಟಿಕ್ ಚೇರಲ್ಲೇ ನೆಂಟರನ್ನ ಕೂರಿಸಿದ್ವಿ, ಒಬ್ಬರೂ ಬರೋದು ಬಿಡ್ಲಿಲ್ಲ.