ಅವನು ಜಾರಿ ಬೀಳಲಿ ಅನ್ನಿಸಿತು

ಪ್ರಶ್ನೆ: ನನಗೆ 39 ವರ್ಷ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೇಳವೊಂದರಲ್ಲಿ 17 ತಿರುಗಾಟ (ವರ್ಷಕ್ಕೊಂದು) ಮುಗಿಸಿದ್ದೇನೆ, ಎಲ್ಲವೂ ಎಳೆಯ ವೀರರ ಪುಂಡುವೇಷದಲ್ಲೇ. ಎರಡು ವರ್ಷದಿಂದ ಬಲ ಮೊಣಕಾಲು ನೋವು. ಈ ಸಲ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುವಾಗ ಯಜಮಾನರು ಕರೆದು, ‘ಮುಂದಿನ ವರ್ಷದಿಂದ ಕಿರೀಟ ವೇಷ ಮಾಡು’ ಎಂದರು, ಅಂದರೆ ರಾಜರ, ಹಿರಿಯ ವೀರರ ಪಾತ್ರ. ಅಭಿಮನ್ಯು, ಬಭ್ರುವಾಹನ ಎಲ್ಲ ಇನ್ನು 22ರ ಹುಡುಗನಿಗೆ. ಕೊನೆಯ ತಿಂಗಳು ಅವನು ದಿಗಿಣ (ತಿರುಗಿ ಹಾರುವ ಜಿಗಿತ) ಹಾಕುವಾಗ ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು, ಅವನು ಜಾರಿ ಬೀಳಲಿ ಅಂದುಕೊಂಡೆ. ಅವನು ನನ್ನನ್ನು ‘ಅಣ್ಣಾ’ ಅಂತಾನೆ. ಮನೆಯವಳು ‘ಒಳ್ಳೆಯದಾಯ್ತು, ಕಾಲಿಗೆ ರೆಸ್ಟ್’ ಅಂತಾಳೆ. ರಾತ್ರಿಯೂ ನಿದ್ದೆಯಿಲ್ಲ, ಹಗಲೂ ಇಲ್ಲ. ನಾನು ಕೆಟ್ಟವನಾ?
– ಹೆಸರು ಬೇಡ, ದಕ್ಷಿಣ ಕನ್ನಡ

ಉತ್ತರ: ಹುಡುಗ ಬಿದ್ದನಾ? ಇಲ್ಲ ಅಲ್ವಾ. ಅಂದುಕೊಂಡ ಮಾತ್ರಕ್ಕೆ ಯಾರ ಕಾಲೂ ಮುರಿಯುವುದಿಲ್ಲ. ನೀವು ಅವನ ಗೆಜ್ಜೆಯ ದಾರ ಸಡಿಲ ಮಾಡಿಟ್ಟಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

17 ವರ್ಷ ಆ ಚೆಂಡೆಯ ಪೆಟ್ಟಿಗೆ ಎದ್ದದ್ದು ನಿಮ್ಮ ಕಾಲು. ಈಗಲೂ ಪೆಟ್ಟು ಬಿದ್ದ ಕೂಡಲೇ ಅದು ಏಳಲು ನೋಡುತ್ತದೆ. ನೀವು ಬಣ್ಣದ ಪೆಟ್ಟಿಗೆ ಮುಂದೆ ಕೂತಿರುತ್ತೀರಿ. ಆ ಸಂಕಟವನ್ನು ಹೇಳಿಕೊಳ್ಳಲು ಜಾಗ ಸಿಕ್ಕಿಲ್ಲ, ಹಾಗಾಗಿ ಅದು ಹೊಟ್ಟೆಕಿಚ್ಚಿನ ವೇಷ ಕಟ್ಟಿಕೊಂಡು ಬಂದಿದೆ. ನಿಮ್ಮ ಮನೆಯವರಿಗೆ ಕಾಣುತ್ತಿರುವುದು ಊದಿದ ಮೊಣಕಾಲು ಮಾತ್ರ. ‘ನನ್ನ ಬಭ್ರುವಾಹನ ಹೋಯ್ತು’ ಅಂತ ಅವರ ಹತ್ತಿರ ಒಮ್ಮೆ ಬಾಯಿಬಿಟ್ಟು ಹೇಳಿದ್ದೀರಾ? ಹೇಳಿ.

‘ಚಿಟ್ಟಾಣಿಯವರು 80 ದಾಟಿದ ಮೇಲೂ ಕುಣಿದರು, ನಿನಗೇನಾಗಿದೆ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಆ ದೊಡ್ಡ ಕಲಾವಿದರನ್ನು ಜನ ನೆನೆಯುವುದು ಕೀಚಕನಿಗೆ, ಭಸ್ಮಾಸುರನಿಗೆ, ದುಷ್ಟಬುದ್ಧಿಗೆ. ಅವು ವಯಸ್ಸಾದಷ್ಟೂ ಹದವಾಗುವ ಪಾತ್ರಗಳು. ಅಭಿಮನ್ಯುವಿಗೆ ಯಾವಾಗಲೂ ಹದಿನಾರೇ.

ಬಭ್ರುವಾಹನ ಕಾಳಗದ ಕಥೆ ನಿಮಗೆ ನಾನು ಹೇಳುವುದು ಅಧಿಕಪ್ರಸಂಗ. ಆದರೂ ಒಮ್ಮೆ ಬಭ್ರುವಾಹನನ ಅಪ್ಪ, ಕಿರೀಟ ವೇಷದ ಅರ್ಜುನನ ಕಡೆ ನಿಂತು ನೋಡಿ. ಕಟ್ಟಿಹಾಕಿದ್ದ ಅಶ್ವಮೇಧದ ಕುದುರೆ ಒಪ್ಪಿಸಿ ಕಾಲಿಗೆ ಬೀಳಲು ಬಂದ ಮಗನನ್ನು ಅಪ್ಪ ಒದೆಯುತ್ತಾನೆ, ಹುಟ್ಟನ್ನೇ ಹೀಯಾಳಿಸುತ್ತಾನೆ. ಯಾಕೆ ಒದೆದ? ತನಗಿಂತ ಬಿಲ್ಲುಗಾರ ಇಲ್ಲ ಎಂದುಕೊಂಡವನ ಎದುರು ಒಂದು ಎಳೆಯ ಬಿಲ್ಲು ಬಂದು ನಿಂತಿದೆ. ಚೌಕಿಯಲ್ಲಿ ನಿಮಗೆ ಅನ್ನಿಸಿದ್ದು ಅವನಿಗೂ ಅನ್ನಿಸಿರಬೇಕು. ಇಷ್ಟು ವರ್ಷ ನೀವು ಒದೆಸಿಕೊಂಡವನ ಮಾತಾಡಿದಿರಿ. ಪ್ರಸಂಗ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಒದ್ದವನ ಅರ್ಥ, ಅಂದರೆ ಅವನಾಡುವ ಮಾತು, ನೀವೇ ಹುಡುಕಬೇಕು. ಮಳೆಗಾಲ ಪೂರ್ತಿ ಇದೆ, ನಾಲ್ಕು ಸಾಲು ಬರೆದು ನೋಡಿ. ಸಮಾಧಾನಕ್ಕೆ ಹೇಳುತ್ತಿಲ್ಲ. ಮೊದಲ ತಿರುಗಾಟ ಕಷ್ಟವೇ ಇರುತ್ತದೆ, ಶಿಳ್ಳೆ ಕಡಿಮೆ ಬೀಳುತ್ತದೆ.

ನನಗೆ ಜಾಸ್ತಿ ಚಿಂತೆ ನಿಮ್ಮ ನಿದ್ದೆಯದು. ಆರು ತಿಂಗಳು ರಾತ್ರಿ ಆಟ, ಹಗಲು ನಿದ್ದೆ. ಪತ್ತನಾಜೆ ಕಳೆದ ಮೇಲೆ ಮೈಗೆ ಹೊತ್ತೇ ತಿಳಿಯುವುದಿಲ್ಲ. ದಿನಾ ಒಂದೇ ಹೊತ್ತಿಗೆ ಎದ್ದು ಅಂಗಳಕ್ಕೆ ಬನ್ನಿ, ಮಳೆಯಿದ್ದರೆ ಜಗಲಿಗಾದರೂ. ಮಧ್ಯಾಹ್ನ ಮಲಗಬೇಡಿ. ಎರಡು ವಾರವಾದರೂ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ ಡಾಕ್ಟರಿಗೆ ತೋರಿಸಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊಣಕಾಲನ್ನೂ ಎಲುಬಿನ ಡಾಕ್ಟರಿಗೆ ತೋರಿಸಿ. ಎಣ್ಣೆ ತಿಕ್ಕಿಯೇ ಎರಡು ವರ್ಷ ದೂಡಿದ್ದೀರಿ ಅಂತ ನನ್ನ ಅನುಮಾನ. ಕಿರೀಟ ಹೊತ್ತು ನಿಲ್ಲುವುದಕ್ಕೂ ಕಾಲು ಬೇಕು.

ಹುಡುಗನ ಹತ್ತಿರ ತಪ್ಪೊಪ್ಪಿಕೊಳ್ಳಲು ಮಾತ್ರ ಹೋಗಬೇಡಿ. ನಿಮ್ಮ ಭಾರ ಇಳಿದು ಅವನ ಮೇಲೆ ಏರುತ್ತದೆ. ಅವನು ಮಳೆಗಾಲದ ಸಣ್ಣ ತಂಡ ಚಿಕ್ಕಮೇಳದ ಜೊತೆ ಮನೆಮನೆ ತಿರುಗುತ್ತಿದ್ದರೆ, ಬಿಡುವಿನ ದಿನ ಮನೆಗೆ ಕರೆಯಿರಿ. ದಿಗಿಣ ಇಳಿಯುವಾಗ ನಿಮ್ಮ ಕಾಲು ಎಲ್ಲಿ ತಪ್ಪುತ್ತಿತ್ತು, ನೋವು ಶುರುವಾದ ಮೇಲೂ ಎಷ್ಟು ಆಟ ಮುಚ್ಚಿಟ್ಟು ಕುಣಿದಿರಿ, ಎಲ್ಲ ಹೇಳಿ. ಚಪ್ಪಾಳೆ ತಟ್ಟುವವರು ಇದನ್ನು ಅವನಿಗೆ ಹೇಳುವುದಿಲ್ಲ. ಆಗಲೂ ಹೊಟ್ಟೆ ಉರಿದರೆ ಉರಿಯಲಿ. ಊಟ ಹಾಕಿ ಕಳಿಸಿ.