ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಮಾನ್ಯರೇ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಎರಡು ಸಾಲಿನಲ್ಲಿ ಮುಗಿಸುವಂಥ ಪತ್ರ ಅದಾಗಿರಲಿಲ್ಲ.

ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚುಟುಕಾಗಿ ಹೇಳುತ್ತೇನೆ. ಕಳೆದ ಸಂಚಿಕೆಯಲ್ಲಿ ನಾವು ವಿಶ್ವ ರ‍್ಯಾಂಕಿಂಗ್‌ನ ಮೊದಲ ನೂರರಾಚೆ ಇರುವ ಟೆನಿಸ್ ಆಟಗಾರರ ಬಗ್ಗೆ ನಾಲ್ಕು ಪುಟ ಕೊಟ್ಟಿದ್ದೆವು. 'ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವಂಥವರಿಗೆ ನಾಲ್ಕು ಪುಟ ಯಾಕೆ? ವಾರ ವಾರ ಸೋಲುವವರಿಂದ ಮಕ್ಕಳು ಏನು ಕಲಿಯಬೇಕು?' ಎಂದು ನೀವು ಕೇಳಿದ್ದೀರಿ. ಪತ್ರದ ಕೊನೆಗೆ, ಬೇರೆ ಪೆನ್ನಿನಲ್ಲಿ, ಇನ್ನೂ ನಾಲ್ಕು ಸಾಲು ಸೇರಿಸಿದ್ದೀರಿ. ನಿಮ್ಮ ಹದಿನಾಲ್ಕು ವರ್ಷದ ಮಗಳು ಆ ಪುಟಗಳನ್ನು ಕತ್ತರಿಸಿ ರ‍್ಯಾಕೆಟ್ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ವೃತ್ತಿಪರ ಆಟಗಾರ್ತಿ ಆಗುತ್ತೇನೆ ಅನ್ನುತ್ತಿದ್ದಾಳೆ. 'ಅಪ್ಪನಾಗಿ ಅವಳಿಗೆ ಏನು ಹೇಳಲಿ?' ಅಂತ ಕೇಳಿದ್ದೀರಿ. ಆ ನಾಲ್ಕು ಸಾಲುಗಳನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆದರೂ ನಿಮ್ಮ ಮೊದಲ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಎರಡಕ್ಕೂ ನಂಟಿದೆ.

32 ಜನ ಆಡುವ ಒಂದು ಟೂರ್ನಿ ಸೋಮವಾರ ಶುರುವಾಯಿತು ಅಂದುಕೊಳ್ಳಿ. ಬುಧವಾರದ ಹೊತ್ತಿಗೆ 16 ಜನ ಚೀಲ ಕಟ್ಟಿರುತ್ತಾರೆ. ಶುಕ್ರವಾರ ರಾತ್ರಿಗೆ ನಾಲ್ವರು ಉಳಿದಿರುತ್ತಾರೆ. ಭಾನುವಾರ ಸಂಜೆ ಸೋಲದೇ ಮನೆಗೆ ಹೋಗುವವರು ಒಬ್ಬರೇ. ಮುಂದಿನ ಸೋಮವಾರ ಇನ್ನೊಂದು ಊರಿನಲ್ಲಿ ಮತ್ತೆ ಶುರು. ಅಂದರೆ ಈ ವೃತ್ತಿಯಲ್ಲಿ ವಾರ ವಾರ ಸೋಲದವರು ಯಾರೂ ಇಲ್ಲ. ವರ್ಷಕ್ಕೆ 20 ಟೂರ್ನಿ ಆಡಿ ನಾಲ್ಕು ಗೆದ್ದರೆ ಅದು ಬಹಳ ದೊಡ್ಡ ವರ್ಷ. ಆಗಲೂ 16 ವಾರ ಸೋತೇ ವಾಪಸ್ ಬಂದಿರುತ್ತಾರೆ.

ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವಿ ಪ್ರದಾನ ಸಮಾರಂಭದಲ್ಲಿ ತಮ್ಮದೇ ಲೆಕ್ಕ ಹೇಳಿದರು. ಅವರು ಆಡಿದ್ದು 1,526 ಸಿಂಗಲ್ಸ್ ಪಂದ್ಯ. ಗೆದ್ದದ್ದು ಹೆಚ್ಚೂಕಡಿಮೆ ಶೇ 80. ಆದರೆ ಆ ಪಂದ್ಯಗಳಲ್ಲಿ ಅವರು ಗೆದ್ದ ಪಾಯಿಂಟ್ ಶೇ 54 ಮಾತ್ರ. ಗ್ರ್ಯಾಂಡ್ ಸ್ಲಾಮ್, ಅಂದರೆ ವರ್ಷದ ನಾಲ್ಕು ಅತಿ ದೊಡ್ಡ ಟೂರ್ನಿಗಳಲ್ಲಿ 20 ಪ್ರಶಸ್ತಿ ಗೆದ್ದ ಮನುಷ್ಯ ನೂರರಲ್ಲಿ 46 ಪಾಯಿಂಟ್ ಕಳೆದುಕೊಂಡಿದ್ದಾರೆ! ಇದನ್ನು ಓದಿದ ದಿನ ನಾನು ಬೇರೆ ಕೆಲಸ ಬಿಟ್ಟು ಸುಮ್ನೆ ಕೂತಿದ್ದೆ. ಗೆಲ್ಲುವವರಿಗೂ ಸೋಲುವವರಿಗೂ ಇರುವ ಅಂತರ ಇಷ್ಟೇನಾ ಅನ್ನಿಸಿತ್ತು.

ಇನ್ನು ರ‍್ಯಾಂಕಿಂಗ್. ಪುರುಷರಿಗೆ 1973ರಲ್ಲಿ, ಮಹಿಳೆಯರಿಗೆ 1975ರಲ್ಲಿ ಕಂಪ್ಯೂಟರ್ ರ‍್ಯಾಂಕಿಂಗ್ ಬಂತು. ಅದಕ್ಕೂ ಮೊದಲು ಯಾರನ್ನು ಆಡಿಸಬೇಕು ಅನ್ನುವುದು ಬಹುಮಟ್ಟಿಗೆ ಸಂಘಟಕರ ಮರ್ಜಿ. ಈಗ ಎಲ್ಲವೂ ಅಂಕದ ಮೇಲೆ. ಆದರೆ ಈ ಅಂಕ ಬ್ಯಾಂಕಿನಲ್ಲಿಟ್ಟ ಹಣದ ಹಾಗೆ ಉಳಿಯುವುದಿಲ್ಲ. 52 ವಾರ ಮಾತ್ರ ಬಾಳುತ್ತದೆ. ಹೋದ ವರ್ಷ ಈ ವಾರ ಗಳಿಸಿದ್ದು ಈ ವರ್ಷ ಇದೇ ವಾರ ಅಳಿಸಿಹೋಗುತ್ತದೆ. ತೂತಿರುವ ಕೊಡಕ್ಕೆ ನೀರು ಹೊತ್ತ ಹಾಗೆ. ಇದ್ದಲ್ಲೇ ಇರಬೇಕು ಅಂದರೂ ಹೊರುತ್ತಲೇ ಇರಬೇಕು.

ಕೆಳಗಿರುವವರಿಗೆ ಈ ಕೊಡ ಇನ್ನೂ ಭಾರ. ಪುರುಷರ ಅತ್ಯಂತ ಕೆಳ ಹಂತದ ವೃತ್ತಿಪರ ಟೂರ್ನಿಯಲ್ಲಿ ಐದು ಪಂದ್ಯ ಸತತವಾಗಿ ಗೆದ್ದು ಪ್ರಶಸ್ತಿ ಎತ್ತಿದರೆ ಸಿಗುವುದು 15 ಅಂಕ. ಗ್ರ್ಯಾಂಡ್ ಸ್ಲಾಮ್ ಮುಖ್ಯ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವರಿಗೆ 10. ಗೆದ್ದವರಿಗೆ 2,000. ಆ ಮುಖ್ಯ ಸುತ್ತಿನಲ್ಲಿರುವುದು 128 ಜಾಗ. ಅದರಲ್ಲಿ 104 ರ‍್ಯಾಂಕಿಂಗ್ ನೋಡಿ ಕೊಡುವಂಥವು, 8 ವೈಲ್ಡ್ ಕಾರ್ಡ್, ಅಂದರೆ ಸಂಘಟಕರು ತಾವೇ ಆರಿಸಿ ಕೊಡುವಂಥವು. ಉಳಿದ 16 ಜಾಗಕ್ಕಾಗಿ ಪುರುಷರಲ್ಲಿ 128 ಜನ ಅರ್ಹತಾ ಸುತ್ತಿನಲ್ಲಿ ಮೂರು ಮೂರು ಪಂದ್ಯ ಆಡುತ್ತಾರೆ. ನಾವು ಬರೆದದ್ದು ಈ ಜನರ ಬಗ್ಗೆಯೇ. ಜಗತ್ತಿನಲ್ಲಿ 150ನೆಯವರು, 200ನೆಯವರು. ನಾವು ಮಾಡುವ ಕೆಲಸದಲ್ಲಿ ಜಗತ್ತಿಗೇ ಇನ್ನೂರನೆಯವರು ಅನ್ನಿಸಿಕೊಳ್ಳುವವರು ನನಗೂ ನಿಮಗೂ ಎಷ್ಟು ಜನ ಗೊತ್ತು?

ಅವರು ಆಟದಲ್ಲಿ ಎಷ್ಟು ಹತ್ತಿರ ಇದ್ದಾರೆ ಅನ್ನುವುದು ಆಗಾಗ ಎಲ್ಲರ ಕಣ್ಣಿಗೂ ಬೀಳುತ್ತದೆ. 2021ರ ಅಮೆರಿಕ ಓಪನ್‌ನಲ್ಲಿ 150ನೇ ರ‍್ಯಾಂಕಿನ ಎಮ್ಮಾ ರಾಡುಕಾನು ಅರ್ಹತಾ ಸುತ್ತಿನಿಂದ ಬಂದು, ಹತ್ತು ಪಂದ್ಯಗಳಲ್ಲಿ ಒಂದು ಸೆಟ್ ಕೂಡ ಬಿಡದೆ ಪ್ರಶಸ್ತಿ ಗೆದ್ದರು. 2025ರಲ್ಲಿ ಶಾಂಘೈ ಮಾಸ್ಟರ್ಸ್ ಗೆದ್ದ ವ್ಯಾಲೆಂಟಿನ್ ವಾಶೆರೊ ಆ ವಾರ 204ನೇ ಸ್ಥಾನದಲ್ಲಿದ್ದರು. ಹಾಗಂತ ಮಗಳಿಗೆ ಈ ಎರಡು ಕಥೆಗಳನ್ನಷ್ಟೇ ಹೇಳಬೇಡಿ ಸಾರ್. ಇವು ಅಪರೂಪಕ್ಕೆ ಆಗುವಂಥವು. ಇವನ್ನೇ ನಂಬಿ ಕೂತರೆ ಉಳಿದ ವಾರಗಳು ತಡೆಯಲಾಗದಷ್ಟು ಉದ್ದ ಅನ್ನಿಸುತ್ತವೆ.

ನನಗೆ ಹೆಚ್ಚು ಇಷ್ಟವಾದ ಕಥೆ ಡಸ್ಟಿನ್ ಬ್ರೌನ್ ಅವರದ್ದು. ಅಪ್ಪ ಜಮೈಕಾದವರು, ಅಮ್ಮ ಜರ್ಮನಿಯವರು. ಸಣ್ಣ ಟೂರ್ನಿ ಆಡಲು ಊರೂರು ಸುತ್ತಬೇಕು, ಹೋಟೆಲಿಗೆ ಕೊಡಲು ಹಣವಿಲ್ಲ. 2004ರಲ್ಲಿ ಹೆತ್ತವರು ಒಂದು ಕ್ಯಾಂಪರ್ ವ್ಯಾನ್ ಕೊಡಿಸಿದರು. ಬ್ರೌನ್ ಅದರಲ್ಲೇ ಮಲಗಿ, ಅದರಲ್ಲೇ ಅಡುಗೆ ಮಾಡಿಕೊಂಡು ಯುರೋಪಿನ ಟೂರ್ನಿಯಿಂದ ಟೂರ್ನಿಗೆ ಓಡಾಡಿದರು. ಜೊತೆಗೆ ಸ್ಟ್ರಿಂಗ್, ಅಂದರೆ ಚೆಂಡು ಹೊಡೆಯುವ ಬಲೆಯ ಎಳೆ, ಹಾಕುವ ಯಂತ್ರ ಒಂದಿತ್ತು. ಬೇರೆ ಆಟಗಾರರ ರ‍್ಯಾಕೆಟ್‌ಗಳಿಗೆ ಸ್ಟ್ರಿಂಗ್ ಹಾಕಿಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಯೋಚಿಸಿ, ನಾಳೆ ತನ್ನ ಎದುರಿಗೇ ಆಡಬಹುದಾದವನ ರ‍್ಯಾಕೆಟ್‌ಗೆ ಇವತ್ತು ರಾತ್ರಿ ಸ್ಟ್ರಿಂಗ್ ಬಿಗಿಯುವ ಕೆಲಸ. ಹನ್ನೊಂದು ವರ್ಷದ ನಂತರ, 2015ರ ವಿಂಬಲ್ಡನ್‌ನಲ್ಲಿ, ಇದೇ ಬ್ರೌನ್ ಸೆಂಟರ್ ಕೋರ್ಟ್‌ನಲ್ಲಿ ರಫೆಲ್ ನಡಾಲ್ ಅವರನ್ನು ಸೋಲಿಸಿದರು. ಆಗಲೂ ಅವರು ಮೊದಲ ನೂರರಲ್ಲಿ ಇರಲಿಲ್ಲ. ಅರ್ಹತಾ ಸುತ್ತು ಆಡಿಯೇ ಬಂದಿದ್ದರು.

ದುಡ್ಡಿನ ಮಾತು ಬಂತು. ನಿಮ್ಮ ಭಯ ಇರುವುದೂ ಅಲ್ಲೇ ಅಂತ ನನಗೆ ಗೊತ್ತು. ಅದನ್ನು ಮುಚ್ಚಿಡುವುದಿಲ್ಲ. ಟೆನಿಸ್‌ನಲ್ಲಿ ಮೋಸದಾಟದ ಬಗ್ಗೆ ತನಿಖೆ ಮಾಡಿದ ಸ್ವತಂತ್ರ ಸಮಿತಿಯೊಂದು 2018ರಲ್ಲಿ ವರದಿ ಕೊಟ್ಟಿತು. ಹೆಸರಿಗೆ ಸುಮಾರು 15,000 ವೃತ್ತಿಪರ ಆಟಗಾರರಿದ್ದಾರೆ, ಕೋಚ್‌ಗೆ ಕೊಡುವ ಹಣ ಬಿಟ್ಟರೂ ಖರ್ಚಿಗೆ ಸರಿಹೋಗುವಷ್ಟು ಸಂಪಾದಿಸುವವರು 250ರಿಂದ 350 ಜನ ಅಷ್ಟೇ ಎಂದು ಅದರಲ್ಲಿತ್ತು. ಕೆಳ ಹಂತದ ಟೂರ್ನಿಯೊಂದರ ಒಟ್ಟು ಬಹುಮಾನ 15,000 ಡಾಲರ್. ಸಿಂಗಲ್ಸ್, ಡಬಲ್ಸ್ ಆಡಿದ ಎಲ್ಲರಿಗೂ ಅದನ್ನೇ ಹಂಚಬೇಕು. ವಿಮಾನ, ಊಟ, ವಸತಿ, ಸ್ಟ್ರಿಂಗ್, ಫಿಸಿಯೊ ಎಲ್ಲವೂ ಆಟಗಾರರದ್ದೇ ಖರ್ಚು. ತಂಡದ ಆಟಗಾರರಿಗೆ ಗಾಯವಾದರೂ ಗುತ್ತಿಗೆ ಇದ್ದಷ್ಟು ದಿನ ಸಂಬಳ ಬರುತ್ತದೆ. ಇಲ್ಲಿ ಆಡದ ವಾರ ಕೈಗೆ ಕಾಸಿಲ್ಲ. ಇದು ಅನ್ಯಾಯ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಇಷ್ಟು ದುಡ್ಡು ಓಡಾಡುವ ಆಟದಲ್ಲಿ 300ನೆಯವರು ಬಸ್ ಚಾರ್ಜಿಗೆ ಲೆಕ್ಕ ಹಾಕುವ ಸ್ಥಿತಿ ಇರಬಾರದು. 2024ರಲ್ಲಿ ಪುರುಷರ ವೃತ್ತಿಪರ ಟೆನಿಸ್ ನಡೆಸುವ ಎಟಿಪಿ ಒಂದು ಹೆಜ್ಜೆ ಇಟ್ಟಿತು. ಮೊದಲ ನೂರು ಜನರಿಗೆ ವರ್ಷಕ್ಕೆ 3,00,000 ಡಾಲರ್, 101ರಿಂದ 175ರವರೆಗೆ 1,50,000, 176ರಿಂದ 250ರವರೆಗೆ 75,000 ಡಾಲರ್ ಕನಿಷ್ಠ ಆದಾಯದ ಭರವಸೆ. ಒಳ್ಳೆಯ ಹೆಜ್ಜೆ. ಆದರೆ 251ನೆಯವರಿಗೆ ಅದು ತಲುಪಲಿಲ್ಲ.

ಸುಮಿತ್ ನಾಗಲ್ ಅವರನ್ನು ನೋಡಿ. ಸೊಂಟದ ಶಸ್ತ್ರಚಿಕಿತ್ಸೆ ಆಗಿ ರ‍್ಯಾಂಕಿಂಗ್ ಐನೂರರಾಚೆಗೆ ಜಾರಿತ್ತು. 2023ರ ಸೆಪ್ಟೆಂಬರ್‌ನಲ್ಲಿ, ಭಾರತದ ನಂಬರ್ ಒನ್ ಸಿಂಗಲ್ಸ್ ಆಟಗಾರರಾಗಿದ್ದಾಗಲೇ, ತಮ್ಮ ಖಾತೆಯಲ್ಲಿ ಉಳಿದಿರುವುದು 900 ಯುರೋ ಎಂದು ಅವರು ಹೇಳಿಕೊಂಡರು. ನಾಲ್ಕು ತಿಂಗಳ ನಂತರ 137ನೇ ರ‍್ಯಾಂಕಿನಲ್ಲಿ ಆಸ್ಟ್ರೇಲಿಯನ್ ಓಪನ್‌ಗೆ ಹೋಗಿ, ಅರ್ಹತಾ ಸುತ್ತು ದಾಟಿ, ಮೊದಲ ಸುತ್ತಿನಲ್ಲಿ ಟೂರ್ನಿಯ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಎರಡನೇ ಸುತ್ತಿನಲ್ಲಿ ಸೋತರು. ಆದರೂ ಸಿಕ್ಕಿದ್ದು 1,80,000 ಆಸ್ಟ್ರೇಲಿಯನ್ ಡಾಲರ್. 2024ರ ಜುಲೈನಲ್ಲಿ 68ನೇ ಸ್ಥಾನಕ್ಕೇರಿದರು. ಆ ಒಂದು ಗೆಲುವು ಎಲ್ಲಿಂದಲೋ ಉದುರಿದ್ದಲ್ಲ. ಅದರ ಹಿಂದಿನ ವರ್ಷಗಳಲ್ಲಿ, ನೋಡಲು ಹೆಚ್ಚು ಜನರಿಲ್ಲದ ಸಣ್ಣ ಕೋರ್ಟ್‌ಗಳಲ್ಲಿ ಆಡಿದ ಪಂದ್ಯಗಳು ಅದರಲ್ಲಿವೆ.

ಇನ್ನೊಂದು ದಾರಿಯೂ ಇದೆ. ಸಿಂಗಲ್ಸ್‌ನಲ್ಲಿ ರೋಹನ್ ಬೋಪಣ್ಣ ಇನ್ನೂರರ ಒಳಗೆ ಬರಲೇ ಇಲ್ಲ. ಗೊತ್ತಿತ್ತಾ ನಿಮಗೆ? ನಿಮ್ಮ ಅಳತೆಯಲ್ಲಿ ಅವರೂ ನಮ್ಮ ನಾಲ್ಕು ಪುಟದವರೇ. ಡಬಲ್ಸ್ ಕಡೆ ಹೊರಳಿ, ಜೊತೆಗಾರರನ್ನು ಬದಲಿಸುತ್ತಾ, ಸವೆದ ಮೊಣಕಾಲಿನಲ್ಲೇ ಆಡುತ್ತಾ, ವೃತ್ತಿಪರರಾಗಿ ಎರಡು ದಶಕ ಕಳೆದ ಮೇಲೆ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು. ಡಬಲ್ಸ್‌ನಲ್ಲಿ ಜಗತ್ತಿಗೆ ಮೊದಲಿಗರಾದರು. ಆಗ ವಯಸ್ಸು 43. ಅವರು ಮೂವತ್ತಕ್ಕೆ ರ‍್ಯಾಕೆಟ್ ಕೆಳಗಿಟ್ಟಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಈಗ ಮಗಳ ವಿಷಯ. ಹದಿನಾಲ್ಕು ವರ್ಷ ಅಂದಿರಿ. ಮೊದಲಿಗೆ, ಅವಸರ ಬೇಡ. ಜೆನಿಫರ್ ಕ್ಯಾಪ್ರಿಯಾಟಿ 13ನೇ ವಯಸ್ಸಿಗೇ ವೃತ್ತಿಪರರಾದರು, 14ಕ್ಕೆ ಫ್ರೆಂಚ್ ಓಪನ್ ಸೆಮಿಫೈನಲ್, 16ಕ್ಕೆ ಒಲಿಂಪಿಕ್ ಚಿನ್ನ. ಹದಿನೆಂಟು ತುಂಬುವ ಮೊದಲೇ ದಣಿದು ಆಟದಿಂದ ದೂರ ಸರಿದರು. ವಾಪಸ್ ಬಂದು 2001ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು ಅನ್ನುವುದು ಬೇರೆ ಮಾತು, ಆದರೆ ನಡುವಿನ ವರ್ಷಗಳು ಯಾವ ಮಗುವಿಗೂ ಬೇಡ. 1995ರಿಂದ ಮಹಿಳಾ ಟೆನಿಸ್‌ನಲ್ಲಿ ವಯಸ್ಸಿನ ನಿಯಮ ಬಂದಿದೆ. 14 ತುಂಬುವವರೆಗೆ ವೃತ್ತಿಪರ ಟೂರ್ನಿ ಆಡುವಂತಿಲ್ಲ, 18ರವರೆಗೆ ವರ್ಷಕ್ಕೆ ಎಷ್ಟು ಆಡಬಹುದು ಎಂಬುದಕ್ಕೆ ಮಿತಿ ಇದೆ. ಆ ಮಿತಿ ನಿಮ್ಮ ಪರವಾಗಿಯೇ ಇದೆ.

ಎರಡನೆಯದು, ಓದು ನಿಲ್ಲಿಸಬೇಡಿ. ಓದು ಬಿಟ್ಟರೇ ಆಟಗಾರರಾಗುವುದು ಅನ್ನುವ ಕಾಲ ಹೋಯಿತು. ಡೇನಿಯಲ್ ಕಾಲಿನ್ಸ್ ಅಮೆರಿಕದಲ್ಲಿ ವಿಶ್ವವಿದ್ಯಾಲಯದ ಪರವಾಗಿ ಆಡಿ, ಪದವಿ ಪಡೆದು, ಆಮೇಲೆ ವೃತ್ತಿಪರರಾದವರು. 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ಆಡಿದರು. ಜಾನ್ ಇಸ್ನರ್ ಕೂಡ ನಾಲ್ಕು ವರ್ಷ ಕಾಲೇಜು ಮುಗಿಸಿಯೇ ಬಂದದ್ದು. ಗಾಯ ಯಾವಾಗ ಆಗುತ್ತದೋ ಯಾರಿಗೂ ಹೇಳಲಾಗದು. ಅಂಥ ದಿನ ಕೈಯಲ್ಲಿ ಒಂದು ಪದವಿ ಇದ್ದರೆ ಅಪ್ಪ ಅಮ್ಮನಿಗೂ ನಿದ್ದೆ ಬರುತ್ತದೆ.

ಮೂರನೆಯದು ನನ್ನ ಕೋರಿಕೆ. ಅವಳನ್ನು ಒಂದು ಸಣ್ಣ ಟೂರ್ನಿಗೆ ಕರೆದುಕೊಂಡು ಹೋಗಿ. ಫೈನಲ್ ದಿನ ಬೇಡ, ಅರ್ಹತಾ ಸುತ್ತಿನ ದಿನವೇ ಹೋಗಿ. ಪಂದ್ಯ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿರಿ. ಇಬ್ಬರೂ.

ವರದಿಗಾರನಾಗಿದ್ದಾಗ ನಾನು ಹಾಗೆ ಕೂತಿದ್ದೆ. ಎರಡೂವರೆ ಗಂಟೆ ಆಡಿ, ಕೊನೆಯ ಸೆಟ್‌ನ ಟೈಬ್ರೇಕರ್‌ನಲ್ಲಿ ಸೋತ ಹುಡುಗನೊಬ್ಬ ಗೋಡೆಗೆ ಒರಗಿ ಕೂತ. ಟವೆಲ್ ತಲೆ ಮೇಲೆ ಹಾಕಿಕೊಂಡು ಹತ್ತು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ಎದ್ದು ಮುಖ ತೊಳೆದುಕೊಂಡು ಬಂದ. ಸ್ಟ್ರಿಂಗ್ ಹರಿದ ರ‍್ಯಾಕೆಟ್ ತೆಗೆದು, ಸಣ್ಣ ಕತ್ತರಿಯಿಂದ ನಡುವಿನಿಂದ ಶುರು ಮಾಡಿ ಅಂಚಿನವರೆಗೆ ಒಂದೊಂದೇ ಎಳೆ ಕತ್ತರಿಸಿದ. ಅಂಚಿನಿಂದ ಶುರು ಮಾಡಿದರೆ ಚೌಕಟ್ಟು ಸೊಟ್ಟಗಾಗುತ್ತದೆ ಎಂದು ನಾನು ಕೇಳದೆಯೇ ಹೇಳಿದ. ಪುಟ್ಟ ಯಂತ್ರ ಹೊರತೆಗೆದು ಹೊಸ ಸ್ಟ್ರಿಂಗ್ ಪೋಣಿಸತೊಡಗಿದ. ಬೆರಳ ತುದಿಗೆ ಟೇಪ್ ಸುತ್ತಿತ್ತು. ಇವತ್ತು ಸೋತಿರಲ್ಲ, ಇದು ಯಾವುದಕ್ಕೆ ಅಂದೆ. ನಾಳೆ ಬೆಳಿಗ್ಗೆ ಡಬಲ್ಸ್ ಇದೆ ಅಂದ. ಮಾತಾಡುತ್ತಲೇ ಒಂದೊಂದು ಎಳೆಯನ್ನೂ ಬೆರಳಿನಿಂದ ಮೀಟಿ ನೋಡುತ್ತಿದ್ದ.

ನಿಮ್ಮ ಮಗಳ ಚೀಲದಲ್ಲಿರುವ ಪುಟಗಳು ಇಷ್ಟು ಹೊತ್ತಿಗೆ ಬೆವರಿಗೆ ಒದ್ದೆಯಾಗಿ ಹರಿದಿರಬಹುದು. ಕಳೆದ ಸಂಚಿಕೆಯ ಇನ್ನೊಂದು ಪ್ರತಿಯನ್ನು ಈ ಉತ್ತರದ ಜೊತೆಗೇ ಅಂಚೆಗೆ ಹಾಕಿಸಿದ್ದೇನೆ. ಟೂರ್ನಿ ನೋಡಿ ಬಂದ ಮೇಲೆ ಅವಳೇ ನಮಗೊಂದು ಪತ್ರ ಬರೆಯಲಿ. ಅವಳು ಏನು ನೋಡಿದಳು ಅನ್ನುವುದನ್ನು ಓದಲು ಕಾಯುತ್ತಿರುತ್ತೇನೆ.

ಸಂಪಾದಕ